ಇಂಜೆಕ್ಷನ್ ತಪ್ಪದೆ ಕೊಡಿಸ್ತಿದ್ರೂ ಅಪ್ಪನ ಪಿಎಸ್‌ಎ ಯಾಕೆ ಏರ್ತಿದೆ? ಜೀನ್ ಟೆಸ್ಟಿಂದ ಎಂತ ಪ್ರಯೋಜನ?

ನಿಮ್ಮ ಪ್ರಶ್ನೆ ಎರಡು ಸಲ ಓದಿದೆ. ಅಪ್ಪನಿಗೆ 71, ಪ್ರೊಸ್ಟೇಟ್ ಕ್ಯಾನ್ಸರ್ ಬೆನ್ನುಮೂಳೆಗೆ ಹೋಗಿದೆ, ಗಂಡಸಿನ ಹಾರ್ಮೋನ್ ಇಳಿಸುವ ಇಂಜೆಕ್ಷನ್ ಮೂರು ತಿಂಗಳಿಗೊಂದು, ಎರಡು ವರ್ಷ ಪಿಎಸ್‌ಎ (ಪ್ರೊಸ್ಟೇಟ್ ಕೋಶ ರಕ್ತಕ್ಕೆ ಬಿಡುವ ಪ್ರೋಟೀನ್, ಕಾಯಿಲೆ ಅಳೀಲಿಕ್ಕೆ ನೋಡುವುದು) ತಳದಲ್ಲೇ ಇತ್ತು, ಈಗ ಮೂರು ಟೆಸ್ಟಲ್ಲೂ ಏರಿದೆ, ಡಾಕ್ಟ್ರು ಜೀನ್ ಟೆಸ್ಟ್ ಮಾಡಿಸಿ ಅಂತಿದ್ದಾರೆ, ಮದ್ದೇ ಫೇಲಾದ ಮೇಲೆ ಆ ಟೆಸ್ಟಿಗೆ ದುಡ್ಡು ಹಾಕಿ ಎಂತ ಸಿಗ್ತದೆ ಅಂತ ಕೇಳಿದ್ದೀರಿ. ಮೊದಲೇ ಹೇಳಿಬಿಡ್ತೇನೆ, ಆಗುವ ಹಾಗಿದ್ರೆ ಮಾಡಿಸಿ. ಯಾಕೆ ಅಂತ ಹೇಳ್ಲಿಕ್ಕೆ ಸ್ವಲ್ಪ ಉದ್ದ ಬರೀಬೇಕಾಗ್ತದೆ.

ನಾನು ಡಾಕ್ಟರ್ ಅಲ್ಲ. ಬಯೋಕೆಮಿಸ್ಟ್ರಿ ಓದಿ ಆರು ವರ್ಷ ಒಂದು ಲ್ಯಾಬಲ್ಲಿ ಇದೇ ಪ್ರೊಸ್ಟೇಟ್ ಕ್ಯಾನ್ಸರ್ ಕೋಶಗಳನ್ನು ಬೆಳೆಸ್ತಾ ಇದ್ದೆ, ಈಗ ಊರಲ್ಲಿದ್ದೇನೆ, ಕಾಸರಗೋಡು ಜಿಲ್ಲೆ ಪೆರ್ಲದ ಹತ್ರ. ದೊಡ್ಡಪ್ಪನಿಗೆ 2018ರಲ್ಲಿ ಇದೇ ಕಾಯಿಲೆ ಗೊತ್ತಾಯ್ತು. ಹಾಗಾಗಿ ನಿಮ್ಮ ಮನೆಯಲ್ಲಿ ಈಗ ಆಗ್ತಿರುವುದು ನಮ್ಮ ಮನೆಯಲ್ಲೂ ಆಗಿ ಹೋಗಿದೆ.

ಮೊದಲು ಒಂದು ಕೇಳಿ, ಪಿಎಸ್‌ಎ ಜೊತೆ ಟೆಸ್ಟೋಸ್ಟೆರಾನ್, ಅಂದ್ರೆ ಆ ಗಂಡಸಿನ ಹಾರ್ಮೋನ್, ನೋಡಿದ್ದಾರಾ? ಅದು 50 ನ್ಯಾನೋಗ್ರಾಮಿಗಿಂತ ಕೆಳಗೆ ಇರ್ಬೇಕು, ಒಂದು ಡೆಸಿಲೀಟರ್ ರಕ್ತಕ್ಕೆ. 2020ರಲ್ಲಿ ಕೊರೊನಾ ಸಮಯ ತಲಪಾಡಿ ಗಡಿ ಮುಚ್ಚಿದ್ದು ನಿಮಗೂ ನೆನಪಿರಬಹುದು, ನಮಗೆಲ್ಲ ಆಸ್ಪತ್ರೆ ಅಂದ್ರೆ ಮಂಗಳೂರೇ ಅಲ್ವಾ, ದೊಡ್ಡಪ್ಪನ ಏಪ್ರಿಲ್ ಇಂಜೆಕ್ಷನ್ ಆಗುವಾಗ ಜೂನ್ ಕಳೀತು, ಆಮೇಲೆ ನೋಡಿದ್ರೆ ಪಿಎಸ್‌ಎ ಏರಿತ್ತು, ಮನೆಯಲ್ಲಿ ಎಲ್ಲರೂ ಇನ್ನು ಮುಗೀತು ಅಂತ ಕೂತಿದ್ದೆವು. ಟೆಸ್ಟೋಸ್ಟೆರಾನ್ ನೋಡಿದಾಗ ಅದೂ ಏರಿತ್ತು, ಅಂದ್ರೆ ಕ್ಯಾನ್ಸರ್ ಬದಲಾದದ್ದಲ್ಲ, ಇಂಜೆಕ್ಷನ್ ತಡವಾಗಿ ಹಾರ್ಮೋನಿಗೆ ಬಾಗಿಲು ತೆರೆದು ಹೋಗಿತ್ತು ಅಷ್ಟೇ. ಇಂಜೆಕ್ಷನ್ ಕೊಟ್ಟ ಮೇಲೆ ಎರಡೂ ಇಳೀತು. ಆದ್ರೆ 2021ರಲ್ಲಿ ಮತ್ತೆ ಏರಿದಾಗ ಟೆಸ್ಟೋಸ್ಟೆರಾನ್ ಬರೀ 18 ಇತ್ತು. ಆಗ ಬೇರೆ ಮಾತು, ಹಾರ್ಮೋನ್ ಇಳಿದೇ ಇದ್ರೂ ಕ್ಯಾನ್ಸರ್ ಬೆಳೀತಿತ್ತು. ನಿಮ್ಮಪ್ಪನದ್ದೂ ಈ ಎರಡನೇ ಬಗೆ ಅಂತ ಇಟ್ಟುಕೊಂಡು ಮುಂದೆ ಬರೀತೇನೆ.

ಪ್ರೊಸ್ಟೇಟ್ ಕ್ಯಾನ್ಸರ್ ಕೋಶಕ್ಕೆ ಗಂಡಸಿನ ಹಾರ್ಮೋನೇ ಗೊಬ್ಬರ. ಇದನ್ನು ತೋರಿಸಿಕೊಟ್ಟದ್ದು ಶಿಕಾಗೋದ ಚಾರ್ಲ್ಸ್ ಹಗ್ಗಿನ್ಸ್, 1941ರಲ್ಲಿ, ಅದಕ್ಕೇ 1966ರಲ್ಲಿ ನೊಬೆಲ್ ಬಂತು. ಬೀಜ ತೆಗೆಯುವ ಆಪರೇಷನ್ ಆಗ್ಲಿ, ಈಗಿನ ಇಂಜೆಕ್ಷನ್ ಆಗ್ಲಿ, ಎರಡೂ ಮಾಡುವುದು ಒಂದೇ ಕೆಲಸ, ಹಾರ್ಮೋನಿನ ದೊಡ್ಡ ಮೂಲ ಬಂದ್ ಮಾಡುವುದು. ನಮ್ಮ ಕಡೆಯವರಿಗೆ ಹೇಳುವುದಾದ್ರೆ ತೋಟದ ಕೆರೆಗೆ ಮಣ್ಣು ತುಂಬಿಸಿದ ಹಾಗೆ. ಅಡಿಕೆ ಮರ ಒಣಗ್ಬೇಕಲ್ವಾ? ಆದ್ರೆ ಎಣ್ಮಕಜೆ, ಬಾಯಾರು, ಶೇಣಿ ಕಡೆ ಗುಡ್ಡೆಯೊಳಗೆ ಸುರಂಗ ಉಂಟು, ಹಿಂದಿನವರು ಮುರಕಲ್ಲನ್ನು ಪಿಕ್ಕಾಸಿನಲ್ಲಿ ಅಡ್ಡಕ್ಕೆ ಕೊರೆದು ಮಾಡಿದ್ದು, ಪಂಪ್ ಇಲ್ಲ, ಕರೆಂಟ್ ಇಲ್ಲ, ಒಳಗಿನ ಒಸರು ಬೆರಳುಗಾತ್ರದಲ್ಲಿ ಸದಾ ಬರ್ತಾ ಇರ್ತದೆ. ಕ್ಯಾನ್ಸರ್ ಗೆಡ್ಡೆ ಮಾಡುವುದೂ ಇದನ್ನೇ. ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿ ಹಾರ್ಮೋನಿನ ಕಚ್ಚಾ ಸಾಮಗ್ರಿ ಬಿಡ್ತಾ ಇರ್ತದೆ, ಗೆಡ್ಡೆ ಅದನ್ನು ಒಳಗೆ ಎಳ್ಕೊಂಡು ತನ್ನದೇ ಎನ್‌ಜೈಮ್‌ಗಳಿಂದ ಟೆಸ್ಟೋಸ್ಟೆರಾನ್ ಮಾಡಿಕೊಳ್ತದೆ. ಹಾಗಾಗಿ ರಕ್ತದಲ್ಲಿ ಹಾರ್ಮೋನ್ ಶೇಕಡ 90ಕ್ಕಿಂತ ಹೆಚ್ಚು ಇಳಿದ್ರೂ ಗೆಡ್ಡೆಯೊಳಗೆ ಅಷ್ಟು ಇಳಿಯುವುದಿಲ್ಲ. ರಿಪೋರ್ಟಲ್ಲಿ 18 ಅಂತ ಬರ್ತದೆ, ಒಳಗೆ ಸುರಂಗ ಹರೀತಾ ಇರ್ತದೆ.

ನಾನು ಇದನ್ನು ಕಣ್ಣಾರೆ ನೋಡಿದ್ದೇನೆ. ಎಲ್‌ಎನ್‌ಕ್ಯಾಪ್ ಅಂತ ಒಂದು ಕೋಶಗಳ ತಳಿ, 1977ರಲ್ಲಿ ಒಬ್ಬ ರೋಗಿಯ ದುಗ್ಧಗ್ರಂಥಿಯಿಂದ ತೆಗೆದದ್ದು, ಈಗಲೂ ಪ್ರಪಂಚದ ಲ್ಯಾಬುಗಳಲ್ಲಿ ಬೆಳೀತಾ ಉಂಟು. ತಟ್ಟೆಗೆ ಸರಿಯಾಗಿ ಅಂಟುವುದಿಲ್ಲ, ಮೀಡಿಯಂ, ಅಂದ್ರೆ ಕೋಶಕ್ಕೆ ಹಾಕುವ ಪೋಷಕ ದ್ರವ, ಸ್ವಲ್ಪ ಜೋರು ಹೊಯ್ದ್ರೆ ಪದರ ಪದರವೇ ಎದ್ದು ಬರ್ತದೆ, ಗೋಡೆಗೆ ತಾಗಿಸಿ ಮೆಲ್ಲ ಬಿಡ್ಬೇಕು. ಇದ್ದಿಲಿನಲ್ಲಿ ಶೋಧಿಸಿ ಹಾರ್ಮೋನ್ ತೆಗೆದ ಸೀರಂ ಹಾಕಿದ್ರೆ ಒಂದೆರಡು ವಾರದಲ್ಲಿ ಬೆಳವಣಿಗೆ ನಿಲ್ತದೆ, ಕೋಶ ಸಪೂರ ಆಗಿ ನೂಲು ನೂಲು ಕಾಣ್ತದೆ. ಆ ತಟ್ಟೆ ಬಿಸಾಡದೆ ತಿಂಗಳುಗಟ್ಟಲೆ ಅದೇ ಬರಗಾಲದಲ್ಲಿ ಇಟ್ಟು ನೋಡಿದ್ರೆ ಒಂದು ದಿನ ಮೂಲೆಯಲ್ಲಿ ಸಣ್ಣ ಗುಂಪೊಂದು ಮತ್ತೆ ಬೆಳೀಲಿಕ್ಕೆ ಶುರು ಮಾಡಿರ್ತದೆ. ದೊಡ್ಡಪ್ಪನ 2021ರ ರಿಪೋರ್ಟ್ ನೋಡಿದ ದಿನ ನನಗೆ ನೆನಪಾದದ್ದು ಆ ಮೂಲೆ.

ಹಾರ್ಮೋನ್ ಕೋಶದೊಳಗೆ ಹೋಗಿ ಆಂಡ್ರೋಜನ್ ರಿಸೆಪ್ಟರ್ ಅನ್ನುವ ಪ್ರೋಟೀನಿಗೆ ಕೂತ್ಕೊಳ್ತದೆ, ಆಮೇಲೆ ಆ ಪ್ರೋಟೀನ್ ನ್ಯೂಕ್ಲಿಯಸ್‌ಗೆ ಹೋಗಿ ಡಿಎನ್‌ಎ ಹಿಡಿದು ಬೆಳೀರಿ ಅಂತ ಜೀನುಗಳಿಗೆ ಹೇಳ್ತದೆ. ಪಿಎಸ್‌ಎ ಜೀನ್ ಕೂಡ ಅದರ ಕೈಕೆಳಗೇ, ಹಾಗಾಗಿ ಪಿಎಸ್‌ಎ ಏರಿದ್ರೆ ಹೆಚ್ಚಾಗಿ ಆ ರಿಸೆಪ್ಟರ್ ಮತ್ತೆ ಎಚ್ಚರ ಆಗಿದೆ ಅಂತ ಅರ್ಥ. ಹೇಗೆ ಎಚ್ಚರ ಆಯ್ತು ಅನ್ನುವುದು ಒಬ್ಬೊಬ್ಬರಲ್ಲಿ ಒಂದೊಂದು ಬಗೆ. ಕೆಲವರಲ್ಲಿ ರಿಸೆಪ್ಟರಿನ ಜೀನೇ ಹಲವು ಪ್ರತಿ ಆಗಿ ಒಂದು ಹನಿ ಹಾರ್ಮೋನೂ ಸಾಕಾಗ್ತದೆ. ಕೆಲವರಲ್ಲಿ ಮ್ಯುಟೇಷನ್ ಆಗಿ ಬೇರೆ ಸ್ಟಿರಾಯ್ಡಿಗೂ ಎದ್ದೇಳ್ತದೆ, ಬೈಕಾಲ್ಯುಟಮೈಡ್ ಥರದ ತಡೆಯುವ ಮಾತ್ರೆಯೇ ಎಬ್ಬಿಸುವ ಮಾತ್ರೆ ಆಗಿಬಿಡುವುದೂ ಉಂಟು, ಅದಕ್ಕೇ ಕೆಲವೊಮ್ಮೆ ಆ ಮಾತ್ರೆ ನಿಲ್ಲಿಸಿದ್ರೆ ಪಿಎಸ್‌ಎ ಇಳೀತದೆ. ಎಲ್ಲಕ್ಕಿಂತ ಕಷ್ಟದ್ದು ಎಆರ್-ವಿ7 ಅನ್ನುವ ಮೊಟಕು ರೂಪ, ಅದರಲ್ಲಿ ಹಾರ್ಮೋನ್ ಕೂರುವ ಭಾಗವೇ ಇಲ್ಲ, ನೀರೇ ಬೇಡ ಅನ್ನುವ ಮರ. 2014ರಲ್ಲಿ ಬಂದ ಒಂದು ಅಧ್ಯಯನದಲ್ಲಿ ರಿಸೆಪ್ಟರ್ ತಡೆಯುವ ಎನ್‌ಜಲ್ಯುಟಮೈಡ್ ಮಾತ್ರೆ ತಗೊಂಡ 31 ಜನರಲ್ಲಿ 12 ಮಂದಿಗೆ, ಹಾರ್ಮೋನ್ ತಯಾರಿಯನ್ನೇ ತಡೆಯುವ ಅಬಿರಟೆರಾನ್ ತಗೊಂಡ 31ರಲ್ಲಿ 6 ಮಂದಿಗೆ ರಕ್ತದಲ್ಲಿ ಓಡಾಡುವ ಕ್ಯಾನ್ಸರ್ ಕೋಶಗಳಲ್ಲಿ ಇದು ಸಿಕ್ಕಿತ್ತು, ಆ 18 ಜನರಲ್ಲಿ ಒಬ್ಬರಿಗೂ ಪಿಎಸ್‌ಎ ಸರಿಯಾಗಿ ಇಳಿಯಲಿಲ್ಲ.

ಹಾಗಾಗಿ ಮದ್ದು ಫೇಲಾಯ್ತು ಅನ್ನಬೇಡಿ, ನಿಮ್ಮಪ್ಪನ ಕ್ಯಾನ್ಸರ್ ಯಾವ ದಾರಿ ಹಿಡಿದಿದೆ ಅಂತ ಕೇಳಿ. ಹೊಸ ಮದ್ದು ಎಲ್ಲವೂ ಒಂದೊಂದು ದಾರಿಗೆ ಮಾಡಿದ್ದು. ಇಂಜೆಕ್ಷನ್ ಮಾತ್ರ ಡಾಕ್ಟ್ರು ಹೇಳದೆ ನಿಲ್ಲಿಸ್ಬೇಡಿ, ಕೆರೆ ಮತ್ತೆ ತೆರೆದ್ರೆ ಸುರಂಗ ಮುಚ್ಚಿ ಉಪಯೋಗ ಇಲ್ಲ.

ಸುರಂಗ ಮುಚ್ಚುವ ಮದ್ದು ಅಬಿರಟೆರಾನ್, 2011ರಲ್ಲಿ ಬಂದದ್ದು. ಸಿವೈಪಿ17 ಅನ್ನುವ ಎನ್‌ಜೈಮನ್ನು ತಡೀತದೆ, ಅಡ್ರಿನಲ್ಲಲ್ಲೂ ಗೆಡ್ಡೆಯಲ್ಲೂ. ದೊಡ್ಡಪ್ಪನಿಗೆ 19 ತಿಂಗಳು ಕೆಲಸ ಮಾಡಿತು. ಬೆಳಿಗ್ಗೆ ಐದಕ್ಕೆ ಎದ್ದು ನಾಲ್ಕು ಮಾತ್ರೆ ನೀರಲ್ಲಿ ನುಂಗಿ ಬೈರಾಸು ಹೆಗಲಿಗೆ ಹಾಕಿ ಜಗಲಿಯಲ್ಲಿ ಕೂರ್ತಿದ್ರು, ಮೈ ಬಿಸಿಯೇರಿ ಬೆವರು ಬಂದಾಗೆಲ್ಲ ಕುತ್ತಿಗೆ ಒರೆಸಿಕೊಳ್ತಾ, ಗಂಜಿ ಆರೂವರೆಗೆ. ಊಟದ ಜೊತೆ ತಗೊಂಡ್ರೆ ಈ ಮದ್ದು ರಕ್ತಕ್ಕೆ ಹತ್ತು ಪಟ್ಟಿನ ವರೆಗೂ ಹೆಚ್ಚು ಸೇರಬಹುದು, ಅದಕ್ಕೇ ಖಾಲಿ ಹೊಟ್ಟೆ. ಇದನ್ನೇ ಉಪಯೋಗಿಸಿ 1000 ಮಿಲಿಗ್ರಾಂ ಬದಲು 250 ಮಿಲಿಗ್ರಾಂ ಹಗುರ ತಿಂಡಿ ಜೊತೆ ಕೊಟ್ಟು ನೋಡಿದ ಸಣ್ಣ ಅಧ್ಯಯನ 2018ರಲ್ಲಿ ಬಂತು, ಪಿಎಸ್‌ಎ ಇಳಿಯುವುದರಲ್ಲಿ ಕಡಿಮೆ ಆಗಲಿಲ್ಲ. ಖರ್ಚು ಭಾರ ಆದ್ರೆ ಡಾಕ್ಟ್ರ ಹತ್ರ ಧೈರ್ಯವಾಗಿ ಕೇಳಿ, ನೀವೇ ಮಾಡ್ಲಿಕ್ಕೆ ಹೋಗ್ಬೇಡಿ. ಜೊತೆಗೆ ಕೊಡುವ ಪ್ರೆಡ್ನಿಸೊಲೋನ್ ಅನ್ನುವ ಸ್ಟಿರಾಯ್ಡ್ ಮಾತ್ರೆ ಬಿಡಲೇಬಾರದು. ಯಾರೋ ಸ್ಟಿರಾಯ್ಡ್ ಒಳ್ಳೇದಲ್ಲ ಅಂದ್ರು ಅಂತ ದೊಡ್ಡಪ್ಪ ಹತ್ತು ದಿನ ಹೇಳದೆ ಬಿಟ್ಟಿದ್ರು, ಕಾಲು ಬಾತು ಚಪ್ಪಲಿ ಹಾಕ್ಲಿಕ್ಕೆ ಆಗ್ತಿರಲಿಲ್ಲ, ಬಿಪಿ ಏರಿ ಪೊಟ್ಯಾಸಿಯಂ ಇಳಿದಿತ್ತು. ಎನ್‌ಜೈಮ್ ತಡೆದಾಗ ಕಾರ್ಟಿಸೋಲ್ ಕೂಡ ಕಡಿಮೆ ಆಗ್ತದೆ, ಅದನ್ನು ತುಂಬಿಸಿಕೊಡದಿದ್ರೆ ಉಪ್ಪು ನೀರು ಹಿಡಿದಿಡುವ ಹಾರ್ಮೋನ್ ಜಾಸ್ತಿ ಆಗ್ತದೆ.

ಈಗ ಜೀನ್ ಟೆಸ್ಟ್. ಡಿಎನ್‌ಎ ಕಡಿದು ಹೋದಾಗ ರಿಪೇರಿ ಮಾಡ್ಲಿಕ್ಕೆ ಕೋಶದಲ್ಲಿ ಒಂದಕ್ಕಿಂತ ಹೆಚ್ಚು ವ್ಯವಸ್ಥೆ ಉಂಟು. ಬಿಆರ್‌ಸಿಎ2 ಅನ್ನುವ ರಿಪೇರಿ ಜೀನ್ ಹಾಳಾದ ಗೆಡ್ಡೆಯಲ್ಲಿ ಒಂದು ವ್ಯವಸ್ಥೆ ಸತ್ತಿರ್ತದೆ, ಅದು ಇನ್ನೊಂದರ ಮೇಲೆ ಬದುಕ್ತಾ ಇರ್ತದೆ. ಆ ಇನ್ನೊಂದರಲ್ಲಿ ಪಾರ್ಪ್ ಅನ್ನುವ ಎನ್‌ಜೈಮ್ ಮುಖ್ಯ. ಅದನ್ನೂ ತಡೆದ್ರೆ ಗೆಡ್ಡೆಯ ಕೋಶ ಸಾಯ್ತದೆ, ಮೈಯ ಉಳಿದ ಕೋಶಗಳಿಗೆ ಮೊದಲಿನ ವ್ಯವಸ್ಥೆ ಇರುವುದರಿಂದ ಬದುಕ್ತವೆ. 2005ರಲ್ಲಿ ಎರಡು ತಂಡಗಳು ಇದನ್ನು ಲ್ಯಾಬಲ್ಲಿ ತೋರಿಸಿದವು, 2020ರಲ್ಲಿ ಪಾರ್ಪ್ ತಡೆಯುವ ಓಲಾಪರಿಬ್ ಅನ್ನುವ ಮದ್ದು ಪ್ರೊಸ್ಟೇಟ್ ಕ್ಯಾನ್ಸರಿಗೂ ಒಪ್ಪಿಗೆ ಪಡೀತು. ಆದ್ರೆ ಆ ಜೀನ್ ಕೆಟ್ಟಿರದವರಿಗೆ ಇದೊಂದನ್ನೇ ಕೊಟ್ಟು ಹೆಚ್ಚು ಫಲ ಇಲ್ಲ, ಟೆಸ್ಟ್ ಇಲ್ಲದೆ ಕೊಡುವ ಮದ್ದೇ ಅಲ್ಲ ಅಂತ ನನ್ನ ಅಭಿಪ್ರಾಯ. ಹರಡಿದ ಪ್ರೊಸ್ಟೇಟ್ ಕ್ಯಾನ್ಸರ್ ಇರುವ 692 ಗಂಡಸರನ್ನು ಪರೀಕ್ಷಿಸಿ 2016ರಲ್ಲಿ ಪ್ರಕಟಿಸಿದ್ರು, ಶೇಕಡ 11.8 ಜನರಲ್ಲಿ ಇಂಥ ರಿಪೇರಿ ಜೀನಿನ ದೋಷ ಹುಟ್ಟಿನಿಂದಲೇ ಇತ್ತು. ಅಂದ್ರೆ ಹೆಚ್ಚಿನವರಿಗೆ ಇಲ್ಲ. ದೊಡ್ಡಪ್ಪನಿಗೂ ಇರಲಿಲ್ಲ. ಇಲ್ಲ ಅಂತ ಗೊತ್ತಾದದ್ದೂ ಲಾಭವೇ ಆಯ್ತು, ಆ ದುಬಾರಿ ಮದ್ದಿನ ಹಿಂದೆ ಹೋಗದೆ ಅಬಿರಟೆರಾನ್ ಮುಗಿದ ಮೇಲೆ ಡೋಸೆಟಾಕ್ಸೆಲ್ ಕೀಮೋಗೆ ಹೋದೆವು, 79 ಆದ್ರೂ ಈಗಲೂ ಅಡಿಕೆ ಒಣಗಿಸುವ ಅಂಗಳದಲ್ಲಿ ಅವರದ್ದೇ ಕಾರುಬಾರು.

ಇನ್ನೊಂದು ಮಾತು, ನೀವು ಮಗಳು ಅಂತ ಬರ್ದಿದ್ದಕ್ಕೆ ಹೇಳ್ತೇನೆ, ನನ್ನ ಮಟ್ಟಿಗೆ ಇದೇ ದೊಡ್ಡ ಕಾರಣ. ಅಪ್ಪನಿಗೆ ಹುಟ್ಟಿನಿಂದ ಬಿಆರ್‌ಸಿಎ2 ದೋಷ ಇದ್ರೆ ಮಕ್ಕಳಲ್ಲಿ ಒಬ್ಬೊಬ್ಬರಿಗೂ ಅರ್ಧಕ್ಕರ್ಧ ಸಾಧ್ಯತೆ. ಹೆಂಗಸರಲ್ಲಿ ಅದು ಸ್ತನ ಮತ್ತು ಅಂಡಾಶಯದ ಕ್ಯಾನ್ಸರಿನ ಅಪಾಯ. ತಂದೆ ಕಡೆಯಿಂದ ಬರುವುದಿಲ್ಲ ಅಂತ ತುಂಬಾ ಜನ ತಿಳ್ಕೊಂಡಿದ್ದಾರೆ, ತಪ್ಪು. ಅತ್ತೆಯಂದಿರಿಗೆ, ಅಜ್ಜಿಗೆ ಯಾರಿಗಾದ್ರೂ ಇತ್ತಾ ಅಂತ ಮನೆಯಲ್ಲಿ ಕೇಳಿ, ನಮ್ಮಲ್ಲಿ ಇದನ್ನೆಲ್ಲ ಮುಚ್ಚಿಡ್ತಾರೆ, ಆದ್ರೂ ಕೇಳಿ.

ಉಳಿದದ್ದು ಚುಟುಕಾಗಿ ಹೇಳ್ತೇನೆ. ಪಿಎಸ್‌ಎಂಎ ಅನ್ನುವ ಪ್ರೋಟೀನ್ ಈ ಕೋಶಗಳ ಹೊರಮೈಯಲ್ಲಿ ತುಂಬಾ ಇರ್ತದೆ, ಅದನ್ನು ಹುಡುಕಿ ಅಂಟುವ ಅಣುವಿಗೆ ವಿಕಿರಣ ಸೂಸುವ ಲ್ಯುಟೇಷಿಯಂ-177 ಕಟ್ಟಿ ರಕ್ತಕ್ಕೆ ಬಿಡ್ತಾರೆ, ವಿಕಿರಣ ಸುಮಾರು ಎರಡು ಮಿಲಿಮೀಟರ್ ಒಳಗೇ ಮುಗೀತದೆ. ಅಮೆರಿಕದಲ್ಲಿ 2022ರಲ್ಲಿ ಒಪ್ಪಿಗೆ ಸಿಕ್ಕಿತು, ದೊಡ್ಡ ಅಧ್ಯಯನದಲ್ಲಿ ಬದುಕಿನ ಮಧ್ಯಮ ಅವಧಿ 11.3 ತಿಂಗಳಿಂದ 15.3 ತಿಂಗಳಿಗೆ ಹೋಯ್ತು. ನಮ್ಮ ದೇಶದಲ್ಲೂ ದೊಡ್ಡ ನ್ಯೂಕ್ಲಿಯರ್ ಮೆಡಿಸಿನ್ ವಿಭಾಗಗಳಲ್ಲಿ ಕೊಡ್ತಾರೆ. ಜೊಲ್ಲು ಗ್ರಂಥಿಯಲ್ಲೂ ಆ ಪ್ರೋಟೀನ್ ಇರುವುದರಿಂದ ಬಾಯಿ ಒಣಗ್ತದೆ. ಮೊದಲು ಪಿಎಸ್‌ಎಂಎ ಪೆಟ್ ಸ್ಕ್ಯಾನಲ್ಲಿ ಗೆಡ್ಡೆ ಹೊಳೀಬೇಕು, ಹೊಳೆಯದಿದ್ರೆ ಈ ದಾರಿ ಇಲ್ಲ. ಇನ್ನು ಪಿಟೆನ್ ಅನ್ನುವ ಬ್ರೇಕ್ ಜೀನ್ ಕಳ್ಕೊಂಡ ಗೆಡ್ಡೆಗಳಲ್ಲಿ ಎಕೆಟಿ ಅನ್ನುವ ಬೆಳವಣಿಗೆಯ ದಾರಿ ಓಡ್ತಾ ಇರ್ತದೆ, ಅದನ್ನು ತಡೆಯುವ ಕಪಿವಾಸರ್ಟಿಬ್ 2023ರಲ್ಲಿ ಒಂದು ಬಗೆಯ ಸ್ತನ ಕ್ಯಾನ್ಸರಿಗೆ ಒಪ್ಪಿಗೆ ಪಡೀತು, ಪ್ರೊಸ್ಟೇಟಿನಲ್ಲೂ ಪರೀಕ್ಷೆ ಮಾಡಿದ್ದಾರೆ. ಕ್ಯಾನ್ಸರ್ ಯಾವ ಅಂಗದಲ್ಲಿದೆ ಅನ್ನುವಷ್ಟೇ ಯಾವ ಜೀನ್ ಕೆಟ್ಟಿದೆ ಅನ್ನುವುದೂ ಮುಖ್ಯ ಆಗ್ತಾ ಬಂದಿದೆ.

ಮುಂದಿನ ಸಲ ಹೋಗುವಾಗ, ಮಂಗಳೂರಿಗಾಗ್ಲಿ ತಲಶ್ಶೇರಿಗಾಗ್ಲಿ, ಟೆಸ್ಟೋಸ್ಟೆರಾನ್ ರಿಪೋರ್ಟ್ ಕೇಳಿ, ಜೀನ್ ಟೆಸ್ಟ್ ರಕ್ತದಲ್ಲಾ ಗೆಡ್ಡೆಯ ತುಂಡಲ್ಲಾ ಎರಡರಲ್ಲೂ ಮಾಡ್ತಾರಾ ಕೇಳಿ, ಯಾಕಂದ್ರೆ ಕೆಲವು ದೋಷ ಗೆಡ್ಡೆಯಲ್ಲಿ ಮಾತ್ರ ಇರ್ತದೆ. ಮೊದಲ ಬಯಾಪ್ಸಿ ಮಾಡಿದ ಲ್ಯಾಬಿಂದ ಗೆಡ್ಡೆಯ ತುಂಡು ಹುದುಗಿಸಿಟ್ಟ ಮೇಣದ ಬ್ಲಾಕ್ ಬರೆದುಕೊಟ್ಟು ವಾಪಸ್ ತಗೊಳ್ಳಿ, ಬೆಂಕಿಪೊಟ್ಟಣಕ್ಕಿಂತ ಸಣ್ಣದು, ಬಿಸಿಲಿಗೆ ನಿಲ್ಲಿಸಿದ ಕಾರಲ್ಲಿ ಬಿಟ್ಟು ಬರ್ಬೇಡಿ, ಮೇಣ ಕರಗ್ತದೆ. ರಿಪೋರ್ಟ್ ಬಂದ ಮೇಲೆ ಹೆಸರು ಮರೆಮಾಡಿ ಇಲ್ಲಿ ಹಾಕಿ, ಯಾವ ಸಾಲಿಗೆ ಎಂತ ಅರ್ಥ ಅಂತ ಕೂತು ಹೇಳ್ತೇನೆ.