ಹೊಲಿಯುವ ಮೊದಲೇ ಮುದ್ರಿಸಿ

ನಿಮ್ಮ ಕವಿತೆಗಳಿಗೆ ಲಿನೊ (ಕೆತ್ತಿ, ಶಾಯಿ ಸವರಿ ಅಚ್ಚೊತ್ತುವ ಮೆದು ಹಾಳೆ) ಅಚ್ಚಿನ ಚಿತ್ರಗಳನ್ನು ಸೇರಿಸಿ ಮಾಡುವ ಎಂಟು ಪುಟದ ಪುಸ್ತಕವನ್ನು ಮೊದಲು ಹೊಲಿದು ಆಮೇಲೆ ಮುದ್ರಿಸಬಹುದೇ ಎಂದು ಚಿತ್ರದುರ್ಗದಿಂದ ಕೇಳಿದ್ದೀರಿ. ಬೇಡ, ಮಡಿಕೆಯ ಬಳಿ ಕಾಗದ ಸಮತಟ್ಟಾಗಿ ಕೂರದ ಕಾರಣ ಅಚ್ಚು ಅಲ್ಲಿ ಮಸುಕಾಗುತ್ತದೆ, ಒಂದು ಪುಟ ಕೆಟ್ಟರೆ ಇಡೀ ಪ್ರತಿಯೇ ಹಾಳು. ಬಿಡಿ ಹಾಳೆಗಳಲ್ಲೇ ಮುದ್ರಿಸಿ. ಯಾವ ಪುಟ ಎಲ್ಲಿ ಬರುತ್ತದೆಂದು ತಿಳಿಯಲು ಎರಡು ಹಾಳೆಗಳನ್ನು ಒಂದರೊಳಗೊಂದು ಮಡಿಸಿ, ಪೆನ್ಸಿಲಿನಿಂದ ಪುಟಸಂಖ್ಯೆ ಬರೆದು ಬಿಚ್ಚಿ ನೋಡಿ: ಹೊರಹಾಳೆಯ ಒಂದು ಬದಿಯಲ್ಲಿ 8 ಮತ್ತು 1, ಇನ್ನೊಂದರಲ್ಲಿ 2 ಮತ್ತು 7, ಒಳಹಾಳೆಯಲ್ಲಿ 6 ಮತ್ತು 3, ಅದರ ಹಿಂದೆ 4 ಮತ್ತು 5 ಜೊತೆಯಾಗಿರುತ್ತವೆ.

ಕವಿತೆಯನ್ನೂ ಲಿನೊದಲ್ಲೇ ಕೆತ್ತುವುದಾದರೆ ಅಕ್ಷರಗಳು ಕನ್ನಡಿಯಲ್ಲಿ ಕಂಡಂತೆ ತಿರುಗಿರಬೇಕು. ತೆಳುಕಾಗದದ ಮೇಲೆ ಮೃದು ಪೆನ್ಸಿಲಿನಲ್ಲಿ ನೇರವಾಗಿ ಬರೆದು, ಅದನ್ನು ಲಿನೊ ಮೇಲೆ ಬೋರಲು ಹಾಕಿ ಉಜ್ಜಿದರೆ ಅವು ತಾವೇ ತಿರುಗಿ ಮೂಡುತ್ತವೆ. ಒತ್ತಕ್ಷರಗಳ ಸುತ್ತ, ಸೊನ್ನೆಯ ನಡುವೆ ಧಾರಾಳವಾಗಿ ಜಾಗ ಬಿಡಿ. ನನ್ನ ಮೊದಲ ಪ್ರತಿಯಲ್ಲಿ ಸೊನ್ನೆಗಳೆಲ್ಲ ಶಾಯಿ ತುಂಬಿ ಮೆಣಸಿನ ಕಾಳಾಗಿದ್ದವು. ಅಚ್ಚೊತ್ತಲು ಯಂತ್ರ ಬೇಕಿಲ್ಲ, ಶಾಯಿ ಸವರಿದ ಲಿನೊ ಮೇಲೆ ಕಾಗದ ಇಟ್ಟು, ಸ್ಟೀಲ್ ಚಮಚದ ಬೆನ್ನಿನಿಂದ ಕಾಗದದ ಹಿಂಬದಿಯನ್ನು ತಿಕ್ಕಿದರೆ ಸಾಕು. ನಮ್ಮ ದಾವಣಗೆರೆಯ ಬೇಸಿಗೆಯಲ್ಲಿ ನೀರಿನ ಶಾಯಿ ರೋಲರಿನ ಮೇಲೆಯೇ ಒಣಗಿಬಿಡುವುದರಿಂದ ಎಣ್ಣೆಯ ಶಾಯಿಯೇ ಒಳಿತು. ಆದರೆ ಅದು ಒಣಗಲು ಕೆಲವು ದಿನ ಹಿಡಿಯುತ್ತದೆ, ಅವಸರಪಟ್ಟು ಮಡಿಸಿದರೆ ಎದುರು ಪುಟಕ್ಕೆ ಕಲೆ ಅಂಟುತ್ತದೆ. ಆಮೇಲೆ ಮಡಿಕೆಯಲ್ಲಿ ಮೂರು ತೂತು ಚುಚ್ಚಿ, ಮೇಣ ಸವರಿದ ನೂಲಿನಿಂದ ಹೊಲಿಯಿರಿ.