ನೆಂದ ಬೆರಳು ಸುಕ್ಕಾಗೋದು ಯಾಕೆ? ಕೊಕ್ಕರೆ ಕಾಲು ಬೆಳ್ಳಗಿರೋದು ಯಾಕೆ?

ಪ್ರಶ್ನೆ: ನಾನು ನಾಟಿ ಕೆಲಸಕ್ಕೆ ಹೋಗುತ್ತೇನೆ. ಗದ್ದೆಗಿಳಿದ ಸ್ವಲ್ಪ ಹೊತ್ತಿಗೇ ಕೈಕಾಲಿನ ಬೆರಳು ಸುಕ್ಕುಗಟ್ಟುತ್ತವೆ. ಚರ್ಮ ನೀರು ಹೀರಿ ಹೀಗಾಗುತ್ತದೆ ಎನ್ನುತ್ತಾನೆ ಮಗ. ಆದರೆ ನಮ್ಮ ಯಜಮಾನರ ಬಲಗೈಯ ಕಿರುಬೆರಳು, ಉಂಗುರದ ಬೆರಳು ಎಷ್ಟು ನೆಂದರೂ ಸುಕ್ಕಾಗಲ್ಲ. ಅವರಿಗೆ ಸಕ್ಕರೆ ಕಾಯಿಲೆ ಇದೆ. ಅದಕ್ಕೂ ಇದಕ್ಕೂ ಸಂಬಂಧ ಇದೆಯೇ?
(ಓದುಗರು, ಪಾಂಡವಪುರ)

ಉತ್ತರ: ಅಮ್ಮಾ, ನೀವು ಇದನ್ನು ಗಮನಿಸಿದ್ದು ಬಹಳ ಒಳ್ಳೆಯದಾಯಿತು. ದಯವಿಟ್ಟು ಸುಮ್ನೆ ಬಿಡಬೇಡಿ.

ಮಗ ಹೇಳಿದ್ದು ಅರ್ಧ ನಿಜ. ನೀರು ಒಳಗೆ ಹೋಗುತ್ತದೆ, ಆದರೆ ಸುಕ್ಕು ಮಾಡಿಸುವುದು ನರ. ಬೆರಳ ತುದಿಯಲ್ಲಿ ಬೆವರಿನ ರಂಧ್ರಗಳು ಜಾಸ್ತಿ. ಅಲ್ಲಿಂದ ನೀರು ಇಳಿದಾಗ ಚರ್ಮದೊಳಗಿನ ಉಪ್ಪಿನ ಅಂಶ ಏರುಪೇರಾಗುತ್ತದೆ. ನರ ಅದನ್ನು ಗುರುತಿಸಿ ರಕ್ತನಾಳಗಳನ್ನು ಬಿಗಿ ಮಾಡುತ್ತದೆ. ರಕ್ತ ಕಡಿಮೆಯಾದ ಕೂಡಲೇ ಒಳಗಿನ ಮೆದು ಭಾಗ ಕುಗ್ಗುತ್ತದೆ. ಮೇಲಿನ ಚರ್ಮ ಇದ್ದಷ್ಟೇ ಇರುತ್ತದೆ, ಹಾಗಾಗಿ ಮಡಿಕೆ ಬೀಳುತ್ತದೆ. ನರಕ್ಕೆ ಪೆಟ್ಟಾದ ಬೆರಳು ನೀರಲ್ಲಿ ಸುಕ್ಕಾಗುವುದಿಲ್ಲ ಎಂಬುದನ್ನು ವೈದ್ಯರು 1930ರ ದಶಕದಲ್ಲೇ ಕಂಡುಕೊಂಡಿದ್ದರು. ಆಮೇಲೆ ಇದೇ ಒಂದು ಪರೀಕ್ಷೆಯೂ ಆಯಿತು: ಕೈಯನ್ನು ಬೆಚ್ಚಗಿನ ನೀರಲ್ಲಿ ಇಡಿಸಿ ಯಾವ ಬೆರಳು ಸುಕ್ಕಾಯಿತು, ಯಾವುದು ಆಗಲಿಲ್ಲ ಎಂದು ನೋಡುವುದು.

ಇದರಿಂದ ಪ್ರಯೋಜನ ಏನು? ಒದ್ದೆ ವಸ್ತು ಜಾರದಂತೆ ಹಿಡಿಯಲು ಎನ್ನುತ್ತಾರೆ ಕೆಲವರು. 2013ರಲ್ಲಿ ಬ್ರಿಟನ್ನಿನಲ್ಲಿ ನಡೆದ ಒಂದು ಪ್ರಯೋಗದಲ್ಲಿ, ಸುಕ್ಕಾದ ಬೆರಳಿನವರು ನೀರಲ್ಲಿದ್ದ ಗೋಲಿಗಳನ್ನು ಬೇಗ ಎತ್ತಿಟ್ಟರು. ಮರುವರ್ಷದ ಇನ್ನೊಂದು ಪ್ರಯೋಗದಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ನನಗೆ ಹಿಡಿತದ ವಾದವೇ ಸರಿ ಅನ್ನಿಸುತ್ತದೆ. ಬೆನ್ನು, ತೊಡೆ ಎಷ್ಟು ನೆಂದರೂ ಹೀಗೆ ಸುಕ್ಕಾಗಲ್ಲ, ಕೈ ಮತ್ತು ಅಂಗಾಲು ಮಾತ್ರ ಆಗುತ್ತವೆ ಅಲ್ವಾ?

ಈಗ ನಿಮ್ಮ ಯಜಮಾನರ ವಿಚಾರ. ಸಕ್ಕರೆ ಕಾಯಿಲೆಯಲ್ಲಿ ನರದ ತೊಂದರೆ ಸಾಮಾನ್ಯವಾಗಿ ಪಾದದಿಂದ ಶುರುವಾಗುತ್ತದೆ, ಅದೂ ಎರಡೂ ಕಡೆ. ಒಂದೇ ಕೈಯಲ್ಲಿ ಈ ಎರಡೇ ಬೆರಳು ಎಂದರೆ ಅಲ್ನಾರ್ ನರದ ಮೇಲೆ ಅನುಮಾನ ಬರುತ್ತದೆ. ಮೊಣಕೈ ಗೋಡೆಗೆ ತಗುಲಿದರೆ ಕಿರುಬೆರಳವರೆಗೂ ಜುಂ ಅನ್ನುತ್ತದಲ್ಲ, ಅದೇ ನರ. ಅದು ಮೊಣಕೈ ಹತ್ತಿರ ಅದುಮಿಕೊಂಡಿರಬಹುದು. ಕುಷ್ಠರೋಗವೂ ಈ ನರವನ್ನು ಹಿಡಿಯುವುದುಂಟು. ಹೆದರಿಸಲು ಹೇಳುತ್ತಿಲ್ಲ. ಅದಕ್ಕೆ ಒಳ್ಳೆಯ ಮಾತ್ರೆ ಇದೆ, ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಕೊಡುತ್ತಾರೆ. ಮೈಮೇಲೆ ಸ್ಪರ್ಶ ಗೊತ್ತಾಗದ ಮಚ್ಚೆ ಇದೆಯೇ ನೋಡಿ. ಅವರು ಕಣ್ಣು ಮುಚ್ಚಿರುವಾಗ ಆ ಬೆರಳಿಗೆ ಹತ್ತಿ ಸವರಿ, ಗೊತ್ತಾಗುತ್ತದೆಯೇ ಕೇಳಿ. ಏನೇ ಕಂಡರೂ, ಕಾಣದಿದ್ದರೂ, ಈ ವಾರವೇ ಡಾಕ್ಟರಿಗೆ ತೋರಿಸಿ. ತಡವಾದರೆ ಬೆರಳು ಮಡಚಿಕೊಂಡೇ ಉಳಿಯುವ ಅಪಾಯ ಇದೆ.

ಪ್ರಶ್ನೆ: ಮೈಸೂರು ಝೂನಲ್ಲಿ ಜಿರಾಫೆ ನೋಡಿದೆ. ಅದರ ಕತ್ತಲ್ಲಿ ಎಷ್ಟು ಮೂಳೆ ಇರುತ್ತೆ?
(6ನೇ ತರಗತಿ ವಿದ್ಯಾರ್ಥಿನಿ, ಕುವೆಂಪುನಗರ)

ಉತ್ತರ: ಏಳು, ಪುಟ್ಟಿ. ನಿನ್ನ ಕತ್ತಲ್ಲೂ ಏಳೇ, ಇಲಿಯ ಕತ್ತಲ್ಲೂ ಏಳೇ. ಜಿರಾಫೆಯ ಒಂದೊಂದು ಮೂಳೆ ಮಾತ್ರ ಸುಮಾರು 25 ಸೆಂಟಿಮೀಟರ್ ಉದ್ದ. ಅಷ್ಟು ಎತ್ತರಕ್ಕೆ ರಕ್ತ ಹತ್ತಿಸಬೇಕಲ್ಲ, ಅದಕ್ಕೇ ಅದರ ರಕ್ತದೊತ್ತಡ ನಮ್ಮದರ ಎರಡರಷ್ಟು. ಮುಂದಿನ ಸಲ ಹೋದಾಗ ಅದು ಮುಂಗಾಲು ಅಗಲಿಸಿ ನೀರು ಕುಡಿಯುವುದನ್ನು ಕಾದು ನೋಡು.

ಪ್ರಶ್ನೆ: ನಮ್ಮ ನೆಂಟರ ಊರು ಕೊಕ್ಕರೆ ಬೆಳ್ಳೂರು. ಬೇಸಿಗೆಯಲ್ಲಿ ಅಲ್ಲಿನ ಬಣ್ಣದ ಕೊಕ್ಕರೆಗಳು ತಮ್ಮ ಕಾಲ ಮೇಲೇ ಹಿಕ್ಕೆ ಹಾಕಿಕೊಳ್ಳುತ್ತವೆ. ಏನಾದರೂ ರೋಗವೇ?
(ಓದುಗರು, ಮದ್ದೂರು)

ಉತ್ತರ: ರೋಗ ಅಲ್ಲ, ಸೆಕೆ ತಡೆಯುವ ಉಪಾಯ. ಹಕ್ಕಿಗಳಿಗೆ ಬೆವರಿನ ಗ್ರಂಥಿಯೇ ಇಲ್ಲ. ಮರಿ ಸಾಕುವ ಕಾಲ ಬಿರುಬಿಸಿಲಿನಲ್ಲೇ ಬರುತ್ತದೆ, ಗೂಡು ಬಿಟ್ಟು ಹೋಗುವಂತಿಲ್ಲ. ಹಕ್ಕಿಗಳಲ್ಲಿ ಮೂತ್ರ, ಮಲ ಎರಡಕ್ಕೂ ಒಂದೇ ದಾರಿ, ಹಾಗಾಗಿ ಹಿಕ್ಕೆ ನೀರಾಗಿರುತ್ತದೆ. ಅದು ಕಾಲ ಮೇಲೆ ಇಳಿದು ಆರುವಾಗ ಅಲ್ಲಿನ ಬಿಸಿಯನ್ನು ಎಳೆದುಕೊಳ್ಳುತ್ತದೆ. ಮಣ್ಣಿನ ಮಡಕೆಯಲ್ಲಿ ನೀರು ತಣ್ಣಗಾಗುವುದೂ ಹೀಗೇ. ಕೊಕ್ಕರೆಯ ಉದ್ದ ಕಾಲಿಗೆ ಪುಕ್ಕ ಇಲ್ಲ, ರಕ್ತನಾಳಗಳು ಚರ್ಮಕ್ಕೆ ಹತ್ತಿರ. ಕಾಲಲ್ಲಿ ತಣಿದ ರಕ್ತ ಮೈಗೆಲ್ಲ ಹರಿಯುತ್ತದೆ. ಹಿಕ್ಕೆಯಲ್ಲಿನ ಯೂರಿಕ್ ಆಮ್ಲ ಒಣಗಿ ಬಿಳಿ ಪುಡಿಯಾಗಿ ಉಳಿಯುತ್ತದೆ. ಅದಕ್ಕೇ ಅದರ ಗುಲಾಬಿ ಕಾಲು ಎಷ್ಟೋ ಸಲ ಸುಣ್ಣ ಬಳಿದಂತೆ ಕಾಣುತ್ತದೆ.

ನಡು ಮಧ್ಯಾಹ್ನ ಗೂಡಿನ ಕಡೆಗೊಮ್ಮೆ ನೋಡಿ. ದೊಡ್ಡ ಹಕ್ಕಿ ಬಿಸಿಲಿಗೆ ಬೆನ್ನು ಕೊಟ್ಟು, ರೆಕ್ಕೆ ಬಿಚ್ಚಿ, ಮರಿಗಳಿಗೆ ನೆರಳು ಮಾಡಿಕೊಂಡು ನಿಂತಿರುತ್ತದೆ. ಮರದ ಕೆಳಗೆ ಬಿದ್ದ ಹಿಕ್ಕೆಯನ್ನು ಊರಿನವರು ಹೊಲಕ್ಕೆ ಗೊಬ್ಬರವಾಗಿ ಬಳಸುತ್ತಾ ಬಂದಿದ್ದಾರೆ. ಈ ಹಕ್ಕಿಗಳನ್ನು ಮನೆಮಕ್ಕಳಂತೆ ನೋಡಿಕೊಂಡ ಆ ಊರಿನ ಬಗ್ಗೆ ನನಗೆ ದೊಡ್ಡ ಗೌರವ.

ಪ್ರಶ್ನೆ: ರಂಗನತಿಟ್ಟಿನಲ್ಲಿ ಬಂಡೆ ಮೇಲೆ ಮೊಸಳೆ ಬಾಯಿ ತೆರೆದುಕೊಂಡು ಮಲಗಿತ್ತು. ದೋಣಿ ನೋಡಿ ಸಿಟ್ಟಾಗಿತ್ತೇ?
(ಓದುಗರು, ಮೈಸೂರು)

ಉತ್ತರ: ಇಲ್ಲ. ಅದೂ ಮುಖ್ಯವಾಗಿ ಸೆಕೆಯದೇ ಲೆಕ್ಕ. ಮೈ ಕಾಯಿಸಿಕೊಳ್ಳುವಾಗ ತಲೆ ಅತಿಯಾಗಿ ಬಿಸಿಯಾಗಬಾರದು ಎಂದು ಬಾಯಿಯ ಪಸೆಯನ್ನು ಗಾಳಿಗೆ ಒಡ್ಡುತ್ತದೆ. ಆದರೆ ತಂಪು ಹೊತ್ತಿನಲ್ಲೂ ಕೆಲವು ಸಲ ಬಾಯಿ ತೆರೆಯುವುದರಿಂದ ಬೇರೆ ಕಾರಣಗಳೂ ಇರಬೇಕು.

ಮೊಸಳೆಯ ಬದುಕಲ್ಲಿ ಬಿಸಿಯ ಆಟ ಮೊಟ್ಟೆಯಿಂದಲೇ ಶುರು. ಮರಿ ಗಂಡೋ ಹೆಣ್ಣೋ ಎಂಬುದನ್ನು ನಮ್ಮಲ್ಲಿನ ಹಾಗೆ ವರ್ಣತಂತು ತೀರ್ಮಾನ ಮಾಡುವುದಿಲ್ಲ, ಗೂಡಿನ ಶಾಖ ಮಾಡುತ್ತದೆ. ನಮ್ಮ ಕಾವೇರಿಯ ಮೊಸಳೆ ಜಾತಿಯಲ್ಲಿ 32.5 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಹೆಚ್ಚಾಗಿ ಗಂಡು, 31ಕ್ಕಿಂತ ಕೆಳಗೆ ಹೆಣ್ಣು. ಒಂದೆರಡು ಡಿಗ್ರಿಯಲ್ಲಿ ಇಡೀ ಗೂಡಿನ ಹಣೆಬರಹ ಬದಲು.

ಇನ್ನು ದೋಣಿಯ ಮಾತು. ಮೊಸಳೆ ಹೊಂಚು ಹಾಕುವುದು ಬಾಯಿ ಮುಚ್ಚಿ, ಕಣ್ಣು ಮೂಗು ಮಾತ್ರ ನೀರಿನ ಮೇಲೆ ಬಿಟ್ಟುಕೊಂಡು. ಹಾಗಾಗಿ ಬಂಡೆ ಮೇಲಿನ ಮೊಸಳೆಯ ಫೋಟೊ ತೆಗೆಯುವಾಗಲೂ ಕೈಯನ್ನು ದೋಣಿಯ ಒಳಗೇ ಇಟ್ಟುಕೊಳ್ಳಿ.