ಡಾಕ್ಟರ್ ಹತ್ತಿರ ಒಂದು ರೀಡಿಂಗ್, ಮನೆಯಲ್ಲಿ ಇನ್ನೊಂದು. ನನಗೆ ಬಿಪಿ ಇದೆಯಾ, ಇಲ್ಲವಾ?

ನೀವು ಕೊಟ್ಟಿರುವ ಸಂಖ್ಯೆಗಳನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ಡಾಕ್ಟರ್ ಹತ್ತಿರ 148/94. ಮನೆಯಲ್ಲಿ ನೆನಪಾದಾಗ ನೋಡಿದರೆ ಒಮ್ಮೆ 124/78, ಇನ್ನೊಮ್ಮೆ 146/90. ಇದರಲ್ಲಿ ಯಾವುದು ಸುಳ್ಳು, ಮಾತ್ರೆ ಶುರು ಮಾಡಬೇಕಾ ಅಂತ ಕೇಳಿದ್ದೀರಿ. ನಾನು ಡಾಕ್ಟರ್ ಅಲ್ಲ. ಆದರೆ ಆರು ವರ್ಷದ ಹಿಂದೆ ಇದೇ ಗೊಂದಲದಲ್ಲಿ ಸಿಕ್ಕಿಕೊಂಡಿದ್ದವನು, ಈಗಲೂ ಮನೆಯಲ್ಲೇ ಬಿಪಿ ನೋಡಿಕೊಳ್ಳುವವನು.

ಬಹುಶಃ ಮೂರೂ ಸುಳ್ಳಲ್ಲ. ರಕ್ತದ ಒತ್ತಡ ಗಳಿಗೆಗೊಂದು ಥರ ಇರುತ್ತದೆ. ಮೆಟ್ಟಿಲು ಹತ್ತಿ ಬಂದರೆ, ಫೋನಿನಲ್ಲಿ ಜೋರಾಗಿ ಮಾತಾಡಿದರೆ, ಮೂತ್ರ ತಡೆದುಕೊಂಡು ಕೂತರೆ ಏರುತ್ತದೆ, ನಿದ್ದೆಯಲ್ಲಿ ಇಳಿಯುತ್ತದೆ. ಹಾಗಾಗಿ ಒಂದೆರಡು ರೀಡಿಂಗ್ ಹಿಡಿದುಕೊಂಡು ಬಿಪಿ ಇದೆ ಅಂತಲೂ ಹೇಳಲಾಗದು, ಇಲ್ಲ ಅಂತಲೂ ಹೇಳಲಾಗದು. ಬೇಕಿರುವುದು ಒಂದು ವಾರದ ಸರಾಸರಿ.

ಹೀಗೆ ಮಾಡಿ. ಏಳು ದಿನ, ಬೆಳಿಗ್ಗೆ ಎರಡು ಸಲ, ಸಂಜೆ ಎರಡು ಸಲ, ಎರಡರ ನಡುವೆ ಒಂದು ನಿಮಿಷ ಬಿಡುವು. ಮೊದಲ ದಿನದ್ದನ್ನು ಲೆಕ್ಕಕ್ಕೆ ಹಿಡಿಯಬೇಡಿ, ಮೆಷಿನ್ ಹೊಸದು ಅನ್ನುವ ಗಾಬರಿಗೇ ಅದು ಹೆಚ್ಚು ಬರುತ್ತದೆ. ಉಳಿದ 24 ರೀಡಿಂಗ್‌ಗಳ ಮೇಲಿನ ಸಂಖ್ಯೆಗಳನ್ನು ಕೂಡಿ 24ರಿಂದ ಭಾಗಿಸಿ, ಕೆಳಗಿನವನ್ನೂ ಹಾಗೇ. ಸರಾಸರಿ 135/85 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಬಿಪಿ ಇದೆ ಅಂತ ಹೆಚ್ಚಿನ ಕಡೆ ಒಪ್ಪುತ್ತಾರೆ. ಎರಡರಲ್ಲಿ ಒಂದು ಸಂಖ್ಯೆ ಮಾತ್ರ ಗೆರೆ ದಾಟಿದರೂ ಸಾಕು. ಡಾಕ್ಟರ್ ಹತ್ತಿರದ ಗೆರೆ 140/90. ಮನೆಯಲ್ಲಿ ಮನಸ್ಸು ಹಗುರಾಗಿರುವುದರಿಂದ ಇಲ್ಲಿ ಸ್ವಲ್ಪ ಕಡಿಮೆ. ಅಮೆರಿಕದ ಹೃದಯ ತಜ್ಞರ ಸಂಘಗಳು 2017ರಿಂದ ಎರಡೂ ಕಡೆ 130/80 ಅನ್ನುತ್ತವೆ. ನಿಮ್ಮ ಡಾಕ್ಟರ್ ಯಾವ ಗೆರೆ ಹಿಡಿಯುತ್ತಾರೆ ಅಂತ ಕೇಳಿಬಿಡಿ.

ಇನ್ನು ಕೂರುವ ರೀತಿ. ಇದನ್ನು ಬಹಳ ಜನ ಹಗುರವಾಗಿ ತೆಗೆದುಕೊಳ್ಳುತ್ತಾರೆ, ಅರ್ಧ ಗೊಂದಲ ಹುಟ್ಟುವುದೇ ಇಲ್ಲಿ. ಮನೆಯ ಮೆಷಿನ್ ಡಾಕ್ಟರ ಸ್ಟೆತಸ್ಕೋಪಿನ ಹಾಗೆ ಸದ್ದು ಕೇಳುವುದಿಲ್ಲ. ತೋಳಿಗೆ ಸುತ್ತುವ ಪಟ್ಟಿಯ ಗಾಳಿ ಇಳಿಯುವಾಗ ರಕ್ತನಾಳ ಮಿಡಿದು ಆ ಗಾಳಿಯಲ್ಲಿ ಸಣ್ಣ ಅಲುಗಾಟ ಆಗುತ್ತದಲ್ಲ, ಅದನ್ನು ಗ್ರಹಿಸಿ ಲೆಕ್ಕ ಹಾಕುತ್ತದೆ. ನೀವು ಕೈ ಆಡಿಸಿದರೆ ಅದರ ಲೆಕ್ಕವೂ ಅಲುಗಾಡುತ್ತದೆ, ಮಾತಾಡಿದರೆ ಬಿಪಿಯೇ ಏರುತ್ತದೆ. ಐದು ನಿಮಿಷ ಸುಮ್ಮನೆ ಕೂತು, ಬೆನ್ನು ಒರಗಿಸಿ, ಪಾದ ನೆಲಕ್ಕಿಟ್ಟು, ಕಾಲ ಮೇಲೆ ಕಾಲು ಹಾಕದೆ ನೋಡಿ. ಕೈಯನ್ನು ಮೇಜಿನ ಮೇಲೆ, ಪಟ್ಟಿ ಎದೆಯ ಮಟ್ಟಕ್ಕೆ ಬರುವ ಹಾಗೆ ಇಡಿ. ಕೈ ಹತ್ತು ಸೆಂಟಿಮೀಟರ್ ಕೆಳಗೆ ಜೋತುಬಿದ್ದರೆ ಮೇಲಿನ ಸಂಖ್ಯೆ ಏಳೆಂಟು ಹೆಚ್ಚಾಗಿಬಿಡುತ್ತದೆ. ಪಟ್ಟಿ ಬರಿಯ ತೋಳಿಗೆ ಸುತ್ತಬೇಕು, ಮಡಚಿದ ತೋಳಂಗಿಯ ಮೇಲಲ್ಲ. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಸುತ್ತಿದರೆ ಇಲ್ಲದ ಬಿಪಿ ಕಾಣಿಸುತ್ತದೆ, ಆದ್ದರಿಂದ ಟೇಪ್ ಹಿಡಿದು ತೋಳಿನ ಸುತ್ತಳತೆ ನೋಡಿ ಪಟ್ಟಿ ಆರಿಸಿ. ಕಾಫಿ, ಟೀ, ಸಿಗರೇಟು, ವ್ಯಾಯಾಮ ಇವೆಲ್ಲ ಆಗಿ ಅರ್ಧ ಗಂಟೆಯಾದರೂ ಕಳೆದಿರಲಿ. ಮಣಿಕಟ್ಟಿನ ಮೆಷಿನ್‌ಗಿಂತ ತೋಳಿನದೇ ವಾಸಿ. ಮೊದಲ ದಿನ ಎರಡೂ ತೋಳು ನೋಡಿ, ಯಾವುದರಲ್ಲಿ ಹೆಚ್ಚೋ ಮುಂದೆಲ್ಲ ಅದರಲ್ಲೇ. ನಾಡಿ ಲಯ ತಪ್ಪಿ ಬಡಿಯುವ ತೊಂದರೆ ಇದ್ದವರಿಗೆ ಈ ಮೆಷಿನ್ ಲೆಕ್ಕ ತಪ್ಪಬಹುದು, ಅಂಥವರು ಡಾಕ್ಟರನ್ನು ಕೇಳಿಯೇ ಮುಂದುವರಿಯಬೇಕು.

ಇಷ್ಟೆಲ್ಲ ಮಾಡಿಯೂ ನಾನು ಎಡವಿದ್ದು ಬರೆಯುವುದರಲ್ಲಿ. ಮೂರನೇ ದಿನ ಬೆಳಿಗ್ಗೆ ಮೊದಲ ಸಲ 147 ಬಂತು. ಒಂದು ನಿಮಿಷ ಬಿಟ್ಟು ನೋಡಿದರೆ 136. ಮೊದಲನೆಯದು ಸರಿಯಾಗಿ ಬಂದಿಲ್ಲ ಅಂದುಕೊಂಡು ಹಾಳೆಯಲ್ಲಿ 136 ಮಾತ್ರ ಬರೆದೆ. ಆಮೇಲೆ ಅದೇ ರೂಢಿಯಾಯಿತು. ಹೆಚ್ಚು ಬಂದಾಗ ಮತ್ತೊಮ್ಮೆ, ಮಗದೊಮ್ಮೆ. ಕಡಿಮೆ ಬಂದದ್ದನ್ನು ಬರೆದು ಪಟ್ಟಿ ಬಿಚ್ಚುವುದು. ವಾರದ ಕೊನೆಗೆ ಹಾಳೆಯ ಸರಾಸರಿ 131/82. ಡಾಕ್ಟರ್ ಹತ್ತಿರ ಅವತ್ತು ಬಂದದ್ದು 128/82. ಎದ್ದು ಹೊರಡುವುದರಲ್ಲಿದ್ದೆ. ಮೆಷಿನ್ ತಂದಿದ್ದೀರಾ ಅಂತ ಕೇಳಿದರು. ಕೊಟ್ಟೆ. ಮೆಮೊರಿ ಬಟನ್ ಒತ್ತಿಕೊಂಡು ಒಂದೊಂದೇ ರೀಡಿಂಗನ್ನು ನನ್ನ ಹಾಳೆಯ ಪಕ್ಕದಲ್ಲೇ ಬರೆಯುತ್ತಾ ಹೋದರು. 147 ಅಲ್ಲೇ ಇತ್ತು. ನಾನು ಬಿಟ್ಟದ್ದೆಲ್ಲ ಸೇರಿದ ಮೇಲೆ ಸರಾಸರಿ 139/87. ಅವರು ಬೈಯಲಿಲ್ಲ. "ಈ ಹಾಳೆ ನಂಬಿದ್ದರೆ ನಿಮ್ಮನ್ನು ಹಾಗೇ ಕಳಿಸಿಬಿಡುತ್ತಿದ್ದೆ" ಅಂದರು.

ನನ್ನದು ಡಾಕ್ಟರ್ ಮುಂದೆ ಅಡಗಿಕೊಂಡು ಮನೆಯಲ್ಲಿ ಏರುವ ಬಿಪಿ, ಮಾಸ್ಕ್ಡ್ ಹೈಪರ್‌ಟೆನ್ಷನ್ ಅನ್ನುತ್ತಾರೆ. ಯಾರ ಕಣ್ಣಿಗೂ ಬೀಳದೆ ಹೃದಯಕ್ಕೂ ಮೂತ್ರಪಿಂಡಕ್ಕೂ ಪೆಟ್ಟು ಕೊಡುತ್ತಾ ಇರುತ್ತದೆ. ಖಚಿತ ಮಾಡಿಕೊಳ್ಳಲು 24 ಗಂಟೆ ಮೆಷಿನ್ ಕಟ್ಟಿ ಕಳಿಸಿದರು, ರಾತ್ರಿಯೂ ಒತ್ತಡ ಇಳಿದಿರಲಿಲ್ಲ. ಮೂತ್ರಪಿಂಡ ಹೇಗಿದೆ ಅಂತ ತಿಳಿಯಲು ರಕ್ತದಲ್ಲಿ ಕ್ರಿಯಾಟಿನಿನ್, ಮೂತ್ರದಲ್ಲಿ ಅಲ್ಬುಮಿನ್, ಜೊತೆಗೆ ರಕ್ತದ ಸಕ್ಕರೆ, ಇಸಿಜಿ ಮಾಡಿಸಿದ ಮೇಲೆ ಮಾತ್ರೆ ಶುರುವಾಯಿತು. ನಿಮ್ಮದು ಇದಕ್ಕೆ ತಿರುಗಾಮುರುಗಾ ಇರಬಹುದು: ಬಿಳಿ ಕೋಟು ಕಂಡೊಡನೆ ಏರಿ, ಮನೆಗೆ ಬಂದರೆ ಇಳಿಯುವ ಬಿಪಿ. ಹಾಗಿದ್ದರೆ ಎಷ್ಟೋ ಸಲ ಮಾತ್ರೆ ಬೇಕಾಗುವುದಿಲ್ಲ, ಆದರೆ ಮುಂದೆ ನಿಜವಾದ ಬಿಪಿಯೇ ಬರಬಹುದು, ವರ್ಷಕ್ಕೊಮ್ಮೆಯಾದರೂ ನೋಡಿಸಿಕೊಳ್ಳಬೇಕು. ಎರಡರಲ್ಲಿ ಯಾವುದು ಅಂತ ನೀವು ಕೊಟ್ಟಿರುವ ಸಂಖ್ಯೆಗಳಿಂದ ಹೇಳಲು ಬರುವುದಿಲ್ಲ.

ಒಂದು ಎಚ್ಚರ. ಯಾವತ್ತಾದರೂ 180/120 ದಾಟಿ, ಜೊತೆಗೆ ಎದೆನೋವು, ಉಸಿರಾಟದ ತೊಂದರೆ, ಕೈಕಾಲು ಸೋಲುವುದು, ಮಾತು ತೊದಲುವುದು, ಕಣ್ಣು ಮಂಜಾಗುವುದು ಇದ್ದರೆ ಏಳು ದಿನದ ಲೆಕ್ಕ ಬಿಟ್ಟು ಸೀದಾ ಆಸ್ಪತ್ರೆಗೆ ಹೋಗಿ. ಏನೂ ತೊಂದರೆ ಇಲ್ಲದೆ ಅಷ್ಟು ಬಂದರೆ ಐದು ನಿಮಿಷ ಕೂತು ಮತ್ತೆ ನೋಡಿ. ಆಗಲೂ ಅಷ್ಟೇ ಇದ್ದರೆ ಅವತ್ತೇ ಡಾಕ್ಟರಿಗೆ ತಿಳಿಸಿ.

ಈಗಾಗಲೇ ಮಾತ್ರೆ ಬರೆದುಕೊಟ್ಟಿದ್ದರೆ ಮನೆಯ 124 ನೋಡಿಕೊಂಡು ನೀವಾಗಿ ಬಿಡಬೇಡಿ, ಈ ವಾರದ ಲೆಕ್ಕ ಮಾಡುತ್ತಿದ್ದೇನೆ ಅಂತ ಅವರಿಗೆ ಹೇಳಿ. ನಾಳೆ ಬೆಳಿಗ್ಗೆಯಿಂದಲೇ ಶುರು ಮಾಡಬಹುದು. ಮೆಷಿನ್ನಿನ ತಾರೀಖು, ಗಂಟೆ ಇವತ್ತೇ ಸರಿ ಮಾಡಿಡಿ, ಮೆಮೊರಿಯಲ್ಲಿ ಹಳೆಯದನ್ನು ಅಳಿಸಿ, ಮನೆಯವರು ಬೇರೆ ಯಾರೂ ಈ ವಾರ ಅದರಲ್ಲಿ ನೋಡಿಕೊಳ್ಳದಂತೆ ಹೇಳಿ. ಎಂಟನೇ ದಿನ ಹಾಳೆಯ ಜೊತೆ ಮೆಷಿನ್ನನ್ನೂ ತೆಗೆದುಕೊಂಡು ಹೋಗಿ.